ಸರ್ವರಿಗೂ ಸೋಮವಾರ

ಕೊಟ್ಟೂರಿನಲ್ಲಿ ನಮ್ಮ ಆಫೀಸೆಂದರೆ ಮನೆ ಮಾಲೀಕ ಕೊಟ್ರಪ್ಪನವರ ಮುಂದಿನ ಕೋಣೆ. ಸರ್ವರ್ ಒಂದನ್ನು ಬಾಡಿಗೆಗೆ ಪಡೆಯುವ ಬದಲು ಹಳೆಯ ಕಂಪ್ಯೂಟರೊಂದನ್ನೇ ಅಲ್ಲಿ ಸರ್ವರ್ ಮಾಡಿಟ್ಟೆ. ನಾವು ಕೋಡ್ ಬರೆದು ಸೇರಿಸಿದೊಡನೆ ಅದು ತಾನಾಗಿಯೇ ಎಲ್ಲ ಪರೀಕ್ಷೆ ನಡೆಸುತ್ತದೆ. ಪಾಸಾದರೆ ಮಾತ್ರ ಗಿರಾಕಿಗೆ ಕಳಿಸುತ್ತದೆ. ಶನಿವಾರ, ಭಾನುವಾರ ಬಿಡುವಿಲ್ಲದೆ ದುಡಿಯಿತು.

ಸೋಮವಾರ ಹಡಗಲಿಯ ಬೀಜದಂಗಡಿಯವರಿಗೆ ಗೋದಾಮಿನ ತಂತ್ರಾಂಶ ತಲುಪಬೇಕಿತ್ತು. ತಡವಾದರೆ ಬೇರೆಯವರಿಗೆ ಕೊಡುತ್ತೇವೆಂದು ಅವರು ಮೊದಲೇ ಹೇಳಿದ್ದರು. ಬೆಳಿಗ್ಗೆ ಬಂದು ನೋಡಿದರೆ ಸರ್ವರ್ ಆರಿತ್ತು. ಮೊದಲು ಕರೆಂಟನ್ನು ಅನುಮಾನಿಸಿದೆ, ಆಮೇಲೆ ನನ್ನ ವಿದ್ಯೆಯನ್ನು.

“ನಾನೇ ಆರಿಸೀನಿ,” ಎಂದರು ಕೊಟ್ರಪ್ಪ. ಸ್ವಿಚ್ಚಿನ ಮುಂದೆಯೇ ಕುರ್ಚಿ ಹಾಕಿಕೊಂಡು ಕೂತಿದ್ದರು. “ಎರಡು ದಿನದಿಂದ ಬುಸುಗುಡಾಕತ್ತೈತಿ, ಮೈ ಮುಟ್ಟಿದ್ರ ಸುಡತೈತಿ. ಇವತ್ತು ಸೋಮವಾರ. ನಾವು ಎತ್ತಿಗೂ ನೊಗ ಹಾಕಂಗಿಲ್ಲ.”

“ಅದು ಎತ್ತಲ್ಲರೀ ಯಜಮಾನ್ರ, ಯಂತ್ರ.”

“ದುಡಿಯೋದು ಹೌದಲ್ಲ?”

ಅವರ ಕುರ್ಚಿ ಕದಲುವಂತೆ ಕಾಣಲಿಲ್ಲ. ಕೆಲಸ ಹೋಯಿತೆಂದುಕೊಂಡೇ ಹಡಗಲಿಗೆ ಫೋನು ಮಾಡಿ, ಸುಳ್ಳು ತಕ್ಷಣ ಹೊಳೆಯದ್ದರಿಂದ ನಡೆದದ್ದನ್ನೇ ಹೇಳಿದೆ.

“ಅಲ್ರೀ,” ಎಂದರು ಬೀಜದಂಗಡಿಯವರು, “ನೀವು ಸೋಮವಾರ ಯಾಕ ಹಚ್ಚಾಕ ಹೋದ್ರಿ ಅದನ್ನ? ನಾಳಿ ಕೊಡ್ರಿ.”

ದನಿಯಲ್ಲಿ ಸಿಟ್ಟಿತ್ತು, ಆದರೆ ತಡವಾದದ್ದಕ್ಕಲ್ಲ.

ಈ ವೃತ್ತಿಯಲ್ಲಿ ತಡಕ್ಕೆ ನಾನು ಕೊಟ್ಟ ಕಾರಣಗಳಲ್ಲಿ ಗಿರಾಕಿ ಒಂದೇ ಮಾತಿಗೆ ಒಪ್ಪಿದ್ದು ಇದೊಂದನ್ನೇ. ಅದು ನಿಜವೂ ಆಗಿದ್ದದ್ದು ಆಕಸ್ಮಿಕ.