ಖಾಲಿ ಬಿಟ್ಟ ಜಾಗದಲ್ಲಿ ಇನ್ನೊಬ್ಬಳು

ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಅವಳನ್ನು ಎಲ್ಲರೂ ಒಲೆಯಕ್ಕ ಎಂದೇ ಕರೆಯುತ್ತಿದ್ದರು. ಗಂಡ ತೀರಿಕೊಂಡ ವರ್ಷ ಆ ಒಲೆಯ ಮುಂದೆ ಬಂದು ನಿಂತವಳು ತಲೆ ನರೆಯುವ ತನಕ ಅಲ್ಲೇ ಬೆಂದಳು. ಹಬೆಗೂ ಝಳಕ್ಕೂ ಕಣ್ಣು ಕೆಂಡವಾಗಿ, ಸಂಜೆಯಾದರೆ ದೀಪದ ಸುತ್ತ ಬಣ್ಣದ ಬಳೆಗಳು ಕಾಣತೊಡಗಿದವು. ಕಣ್ಣಿನ ಡಾಕ್ಟರು ಬೆಳಕು ಬಿಟ್ಟು ನೋಡಿ, "ಇನ್ನೂ ಬೆಂಕಿ ಮುಂದೆ ನಿಂತರೆ ದೃಷ್ಟಿ ಹೋಗುತ್ತಮ್ಮ. ಬೇರೆ ಕೆಲಸ ನೋಡ್ಕೊಳ್ಳಿ" ಎಂದುಬಿಟ್ಟರು.

ಬೇರೆ ಕೆಲಸವೆಂದರೆ ಗಾಜಿನ ಕಿಟಕಿಯಾಚೆಯ ಕೌಂಟರು. ಅಲ್ಲಿ ಫ್ಯಾನಿತ್ತು, ಕೂರಲು ಕುರ್ಚಿಯಿತ್ತು, ಆ ಕುರ್ಚಿಯೂ ಖಾಲಿಯಾಗಿತ್ತು. ಆದರೆ ಹೊಸ ಮ್ಯಾನೇಜರಮ್ಮನದು ಒಂದೇ ಪಟ್ಟು: ದೊಡ್ಡ ಡಾಕ್ಟರುಗಳು ಬರುವ ಜಾಗ, ಇಂಗ್ಲಿಷಿನಲ್ಲಿ ನಾಲ್ಕು ಮಾತಾಡಲು ಬರಬೇಕು.

"ನಿಂಗ್ಯಾಕಕ್ಕ ಆ ಕಬ್ಬಿಣದ ಕಡಲೆ?" ಎಂದು ಪಾತ್ರೆ ತೊಳೆಯುವವಳು ನಕ್ಕಳು. "ಹಲ್ಲು ಬೇರೆ ಅಲ್ಲಾಡ್ತಿದೆ."

"ಹಲ್ಲು ಹೋದ್ರೆ ಹೋಗ್ಲಿ ಬಿಡೇ, ಕಣ್ಣು ಉಳಿದ್ರೆ ಸಾಕು."

ಗುಜರಿ ಅಂಗಡಿ ಇಟ್ಟಿದ್ದ ಮೈದುನ ಒಂದು ಹಳೇ ಟೇಪ್ ರೆಕಾರ್ಡರನ್ನೂ ಕ್ಯಾಸೆಟ್ಟನ್ನೂ ತಂದುಕೊಟ್ಟ. "ಅತ್ತಿಗೆ, ಇದರ ಮೇಲೆ ಊಟ-ತಿಂಡಿ ಇಂಗ್ಲಿಷ್ ಅಂತ ಬರೆದಿದೆ. ನಿಮಗೇ ಹೇಳಿ ಮಾಡಿಸಿದ ಹಾಗಿದೆ."

ಉಪ್ಪಿಗೆ, ಸೌಟಿಗೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೋ ತಿಳಿಯುತ್ತದೆ ಎಂದುಕೊಂಡು ಕೂತರೆ ಅದರಲ್ಲಿದ್ದದ್ದೇ ಬೇರೆ, ಬರೀ ತಿಂಡಿಯ ಹೆಸರಿನ ನುಡಿಗಟ್ಟುಗಳು. ಒಬ್ಬ ಮೇಷ್ಟ್ರು ಗಂಟಲು ಸರಿಮಾಡಿಕೊಂಡು ಹೇಳುತ್ತಿದ್ದರು: "ಪೀಸ್ ಆಫ್ ಕೇಕ್. ನೀರು ಕುಡಿದಷ್ಟು ಸುಲಭ ಎಂದು ಅರ್ಥ. ಈಗ ನೀವು ಹೇಳಿ." ಆಮೇಲೆ, ಕಲಿಯುವವರು ಹೇಳಲೆಂದು ಟೇಪಿನಲ್ಲಿ ಒಂದಿಷ್ಟು ಜಾಗ ಖಾಲಿ ಬಿಟ್ಟಿದ್ದರು. 'ಸ್ಪಿಲ್ ದ ಬೀನ್ಸ್' ಎಂದರೆ ಗುಟ್ಟು ಬಾಯಿಬಿಡುವುದಂತೆ. 'ಬಟರ್ ಅಪ್' ಎಂದರೆ ಬೆಣ್ಣೆ ಹಚ್ಚುವುದಂತೆ. ಅಯ್ಯೋ, ಅವರೂ ನಮ್ಮ ಹಾಗೇ ಹಚ್ಚುತ್ತಾರಲ್ಲ ಎಂದು ಒಲೆಯಕ್ಕನಿಗೆ ನಗು.

ಮಧ್ಯಾಹ್ನದ ಊಟದ ಗದ್ದಲ ಮುಗಿಸಿ ಮನೆಗೆ ಬಂದು, ಬಿಸಿಲು ಅಡುಗೆಕೋಣೆಯ ನೆಲಕ್ಕಿಳಿಯುವ ಹೊತ್ತಿಗೆ ಪಾಠಕ್ಕೆ ಕೂರುತ್ತಿದ್ದಳು. ಒಂದು ದಿನ ಆ ಖಾಲಿ ಜಾಗದಲ್ಲಿ ಯಾರೋ ಉಸಿರೆಳೆದುಕೊಂಡ ಹಾಗಾಯಿತು. ಮರುದಿನ ಅಲ್ಲೇ ಒಂದು ಹೆಣ್ಣುದನಿ, ಬಾವಿಯ ತಳದಿಂದ ಬಂದ ಹಾಗೆ, "ಪೀಸ್ ಆಫ್ ಕೇಕ್" ಎಂದಿತು. ಹಿಂದೆ ಕಲಿತವಳು ಯಾರೋ ತನ್ನ ದನಿಯನ್ನೂ ಟೇಪಿಗೆ ತುಂಬಿಸಿರಬೇಕು. ಇರಲಿ, ಜೊತೆಗೊಬ್ಬಳಾದಳು ಎಂದುಕೊಂಡಳು.

ಆದರೆ ತಾನು ತಡವರಿಸಿದಲ್ಲೆಲ್ಲ ಆ ದನಿಯೂ ತಡವರಿಸತೊಡಗಿತು. ತಾನು ಕೆಮ್ಮಿದರೆ ಕೆಮ್ಮು ಮುಗಿಯುವ ತನಕ ಕಾದು ಆಮೇಲೆ ಹೇಳುತ್ತಿತ್ತು. ಒಮ್ಮೆ ಮಾತು ಮರೆತು, "ಥೂ, ಹಾಳು ಮರೆವು" ಎಂದು ಗೊಣಗಿದಾಗ ಟೇಪಿನೊಳಗಿಂದ ಸಣ್ಣಗೆ ನಗು ಕೇಳಿತು. ಒಲೆಯಕ್ಕನ ಮೈ ಝುಮ್ಮೆಂದಿತು.

ಪೊರೆ ಬಂದು ಕಣ್ಣು ಮಂಜಾಗಿದ್ದ ಅತ್ತೆಗೆ ಕಿವಿ ಮಾತ್ರ ಬಲು ಚುರುಕು. "ಯಾರೇ ಅದು?" ಎಂದು ಹೊರಕೋಣೆಯಿಂದ ಕೇಳಿದರು.

"ಟೇಪು, ಅತ್ತೆ."

"ಟೇಪಿನ ಗಂಡಸಲ್ಲ ಕಣೇ. ನಿನ್ನ ಪಕ್ಕ ಕೂತಿರೋಳು. ಪಾಪ, ದಿನಾ ಬರ್ತಾಳೆ, ಒಂದು ಲೋಟ ನೀರಾದ್ರೂ ಕೊಡಬಾರದಾ?"

ಅವತ್ತೇ ಟೇಪನ್ನು ಚೀಲಕ್ಕೆ ತುರುಕಿ ಮೈದುನನಿಗೆ ಹಿಂದಕ್ಕೆ ಕೊಡಲು ಹೊರಟಳು. ಬೀದಿಯ ತಿರುವಿನಲ್ಲಿ ಒಂದು ಸೈಕಲ್ಲು ಮೈಮೇಲೆ ಬರುವ ತನಕ ಅವಳಿಗೆ ಕಾಣಲೇ ಇಲ್ಲ. "ಕಣ್ಣು ಕಾಣಲ್ವೇನಮ್ಮಾ!" ಎಂದು ಸವಾರ ರೇಗಿದ. ಅವಳು ಹಾಗೇ ತಿರುಗಿ ಮನೆಗೆ ಬಂದಳು. ಟೇಪಿನ ಗುಂಡಿ ಒತ್ತಿದಳು.

ಅಂದಿನಿಂದ ಅವಳು ಬಾಯಿಬಿಟ್ಟು ಹೇಳುವುದನ್ನೇ ನಿಲ್ಲಿಸಿದಳು. ಖಾಲಿ ಜಾಗ ಬಂದಾಗ ಸುಮ್ಮನಿದ್ದು ಇನ್ನೊಬ್ಬಳು ಹೇಳುವುದನ್ನು ಕೇಳುವುದೇ ರೂಢಿಯಾಯಿತು. ಆ ದನಿ ದಿನದಿನಕ್ಕೆ ತಿಳಿಯಾಯಿತು. ಕೊನೆಕೊನೆಗೆ ಅದು ಟೇಪಿನಿಂದ ಬರುತ್ತಿದೆಯೋ ಕೋಣೆಯಿಂದಲೋ ಎಂದು ಅವಳು ವಿಚಾರಿಸಲು ಹೋಗಲಿಲ್ಲ.

ಕೌಂಟರಿನ ಕೆಲಸಕ್ಕೆ ಇಂಗ್ಲಿಷ್ ಪರೀಕ್ಷೆಯೆಂದು ಕರೆದ ಬೆಳಿಗ್ಗೆ ಮ್ಯಾನೇಜರಮ್ಮನ ಕೋಣೆಗೆ ಒಬ್ಬಳೇ ಹೋಗಿ ನಿಂತಳು. ಮ್ಯಾನೇಜರಮ್ಮ ಬರೆಯುತ್ತಲೇ, ತಲೆಯೆತ್ತದೆ, ಇಂಗ್ಲಿಷಿನಲ್ಲಿ ಕೇಳಿದರು: ಊಟದ ಹೊತ್ತಿನ ನೂಕುನುಗ್ಗಲು ನಿಭಾಯಿಸಲು ಆಗುತ್ತದೆಯೇ? ಪ್ರಶ್ನೆ ಒಲೆಯಕ್ಕನಿಗೆ ಅರ್ಥವಾಯಿತು. ಉತ್ತರವೂ ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಬಾಯಿ ತೆರೆಯಲಿಲ್ಲ. ಇಷ್ಟು ದಿನ ಕಾದು ಕಾದು ಪಳಗಿದ್ದ ಬಾಯಿ ಈಗಲೂ ಕಾಯುತ್ತಿತ್ತು.

"ಇಟ್ಸ್ ಎ ಪೀಸ್ ಆಫ್ ಕೇಕ್, ಮೇಡಂ."

ದನಿ ಬಂದದ್ದು ಅವಳ ಬಲಹೆಗಲ ಹಿಂದಿನಿಂದ. ಕತ್ತಿಗೆ ತಣ್ಣನೆ ಉಸಿರು ಸೋಕಿತು. ಮ್ಯಾನೇಜರಮ್ಮ ತಲೆಯೆತ್ತಿದರು. ಒಲೆಯಕ್ಕನನ್ನು ದಾಟಿ ಹಿಂದಕ್ಕೆ ನೋಡಿ, ಮೆಚ್ಚಿಕೊಂಡವರಂತೆ ನಕ್ಕರು.

"ಚೆನ್ನಾಗಿ ಹೇಳಿದ್ರಿ. ಆದ್ರೆ ಕುರ್ಚಿ ಇರೋದು ಒಂದೇ. ನಿಮ್ಮಿಬ್ಬರಲ್ಲಿ ಯಾರಿಗೆ ಬೇಕು ಕೆಲಸ?"

ಒಲೆಯಕ್ಕ ತಿರುಗಿ ನೋಡಲಿಲ್ಲ. ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ನಂಗೆ, ಅಮ್ಮ. ಇವಳಷ್ಟು ಚೆಂದ ಬರಲ್ಲ ನಂಗೆ. ಆದ್ರೆ ಹೋಗ್ತಿರೋದು ನನ್ನ ಕಣ್ಣು." ಒಡಕು ದನಿಯಲ್ಲಿ ತಾನೇ ಹೇಳಿದಳು: "ಪೀಸ್... ಆಫ್ ಕೇಕು."

ಮ್ಯಾನೇಜರಮ್ಮ ಒಬ್ಬರಾದ ಮೇಲೆ ಒಬ್ಬರನ್ನು ನೋಡಿದರು. "ಸರಿ. ನಾಳೆಯಿಂದ ನೀವೇ ಕೂತ್ಕೊಳ್ಳಿ" ಎಂದರು.

ಹೊರಗೆ ಕಾವಲಿನವನು ಬಾಗಿಲು ತೆಗೆದು ಹಿಡಿದ. ಒಲೆಯಕ್ಕ ದಾಟಿ ಕಾರಿಡಾರಿನ ಅರ್ಧ ದಾರಿ ಹೋದ ಮೇಲೂ, ಹಿಂದೆ ಬರುತ್ತಿರುವವರಿಗಾಗಿ ಅವನು ಬಾಗಿಲನ್ನು ಹಿಡಿದುಕೊಂಡೇ ನಿಂತಿದ್ದ.