ಎರಡಾಳು ನೀರಿನಲ್ಲಿ ಎಂಟು ನಿಮಿಷ

ಮೊನ್ನೆ ಹೊಸಕೋಟೆಯ ಬಸ್ ನಿಲ್ದಾಣದ ಹತ್ತಿರ ಗೋಲಿ ಸೋಡಾ ಗಾಡಿಯೊಂದು ಕಣ್ಣಿಗೆ ಬಿತ್ತು. ಎಷ್ಟೋ ವರ್ಷ ಕಾಣೆಯಾಗಿದ್ದ ಸೋಡಾ ಈಗ ಹೊಸ ಬಣ್ಣ, ಹೊಸ ಬಾಟಲಿಯಲ್ಲಿ ಮರಳಿ ಬಂದಿದೆ. ಗೋಲಿ ಮಾತ್ರ ಹಳೆಯದೇ. ಗಾಡಿಯವನು ಹೆಬ್ಬೆರಳಿನಿಂದ ಗೋಲಿ ಒತ್ತಿದ. ಕೀಂಯ್ ಎಂಬ ಸದ್ದಿನ ಜೊತೆಗೇ ನೊರೆ ಉಕ್ಕಿ ಅವನ ಮುಂಗೈ ಮೇಲೆ ಹರಿಯಿತು. ನಾನು ತಟ್ಟನೆ ಒಂದು ಹೆಜ್ಜೆ ಹಿಂದೆ ಸರಿದೆ. ಪಕ್ಕದಲ್ಲಿದ್ದ ನನ್ನ ಹೆಂಡತಿ ರತ್ನ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಸೋಡಾ ಕಂಡು ಹೆದರುವ ಗಂಡಸನ್ನು ನೀವು ನೋಡಿರಲಿಕ್ಕಿಲ್ಲ. ಇದರ ಕಾರಣ ಹೇಳಬೇಕಾದರೆ ನಿಮ್ಮನ್ನು ಮೊದಲು ತ್ಯಾಮಗೊಂಡ್ಲಿನ ಒಂದು ಬಾವಿಗೂ ಆಮೇಲೆ ಸಮುದ್ರಕ್ಕೂ ಕರೆದುಕೊಂಡು ಹೋಗಬೇಕು.

ಬಾವಿ ನಮ್ಮ ಮಾವನವರ ತೆಂಗಿನ ತೋಟದ್ದು. ಒಳಗೆ ಇಳಿಯಲು ಮೆಟ್ಟಿಲಿದ್ದ ಕಲ್ಲುಕಟ್ಟಡದ ಬಾವಿ. ಒಳ್ಳೆಯ ಕಾಲದಲ್ಲಿ ನಾಲ್ಕಾಳು ನೀರು ನಿಲ್ಲುತ್ತಿತ್ತು. ಬಾವಿಯ ಆಳವನ್ನು ನಮ್ಮ ಕಡೆ ಹಾಗೇ ಹೇಳುವುದು, ಒಬ್ಬರ ಮೇಲೊಬ್ಬರು ನಿಂತರೆ ಎಷ್ಟು ಆಳು ಮುಳುಗುತ್ತಾರೆ ಎಂದು. ಮಾವನವರು ತಮ್ಮ ಒಬ್ಬಳೇ ಮಗಳ ಸೊಂಟಕ್ಕೆ ಸೋರೆಬುರುಡೆ ಕಟ್ಟಿ ಈಜು ಕಲಿಸಿದ್ದರು. ಹೆಣ್ಣುಮಗಳಿಗೆ ಯಾಕಪ್ಪ ಇದೆಲ್ಲ ಎಂದು ಕೇಳಿದವರಿಗೆ, 'ನೀರಿಗೆ ಗೊತ್ತಾಗ್ತದಾ ಹೆಣ್ಣೋ ಗಂಡೋ ಅಂತ?' ಎನ್ನುತ್ತಿದ್ದರಂತೆ. ಬುರುಡೆ ಬಿಚ್ಚಿದ ಮಾತ್ರಕ್ಕೆ ಈಜು ಬಂತೆಂದು ಅವರು ಒಪ್ಪುತ್ತಿರಲಿಲ್ಲ. ತಳ ಮುಟ್ಟಿ ಒಂದು ಹಿಡಿ ಗೋಡು ಮಣ್ಣು ತರಬೇಕು. ತಂದ ಮಣ್ಣನ್ನು ಅವರು ಉಂಡೆ ಮಾಡಿ ಬಾವಿಯ ಕಟ್ಟೆಯ ಮೇಲೆ ಇಡುತ್ತಿದ್ದರು. ಬರಿಗೈಯಲ್ಲಿ ಬಂದವರು ತಳ ಮುಟ್ಟಿದೆವು ಎಂದರೆ ನಂಬುತ್ತಿರಲಿಲ್ಲ. ರತ್ನ ಒಂಬತ್ತನೆಯ ವಯಸ್ಸಿಗೇ ಉಂಡೆ ಇಡಿಸಿಕೊಂಡವಳು.

ನಾನೋ, ಜಡಿಗೇನಹಳ್ಳಿಯವನು. ನಮ್ಮೂರಿನ ನೀರು ನನ್ನ ಮೇಲೆ ಯಾವತ್ತೂ ವಿಶ್ವಾಸ ತೋರಿಸಲಿಲ್ಲ. ಮಳೆನೀರು ನಿಲ್ಲುವ ಕುಂಟೆಯಲ್ಲಿ ಒಂದು ಸಲ ಮುಳುಗಿ, ಎಮ್ಮೆಯ ಬಾಲ ಹಿಡಿದು ಮೇಲೆ ಬಂದದ್ದೇ ನನ್ನ ಜಲವಿದ್ಯೆ. ಹೊಸದಾಗಿ ಮದುವೆಯಾದಾಗ ಇವಳು ಬಾವಿಯ ಕಟ್ಟೆಯಿಂದ ಹಾರಿದ್ದನ್ನು ನೋಡಿ ಎರಡು ದಿನ ನಾನು ಮಂಕಾಗಿದ್ದೆ. ಮೂರನೆಯ ದಿನ ಅದೇ ಸಂಗತಿಯನ್ನು ನಮ್ಮ ಫ್ಯಾಕ್ಟರಿಯ ಕ್ಯಾಂಟೀನಿನಲ್ಲಿ ಜಂಭದಿಂದ ಹೇಳುತ್ತಿದ್ದೆ. ಗಂಡಸರ ಹೊಟ್ಟೆಕಿಚ್ಚು ಹೆಮ್ಮೆಯಾಗಲು ಅಷ್ಟು ಹೊತ್ತು ಸಾಕು.

ತೊಂಬತ್ತರ ದಶಕದ ನಡುವಿನಲ್ಲಿ ಫ್ಯಾಕ್ಟರಿಯಿಂದ ಸಿಗುತ್ತಿದ್ದ ಪ್ರವಾಸದ ರಜೆಯಲ್ಲಿ, ಎಲ್ಲರೂ ಊಟಿಗೆ ಹೋಗುವಾಗ, ನಾವು ಕೊಚ್ಚಿಯಿಂದ ಹಡಗು ಹತ್ತಿ ಲಕ್ಷದ್ವೀಪಕ್ಕೆ ಹೋದೆವು. ಅಲ್ಲಿ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಮುಳುಗುವುದನ್ನು ಕಲಿಸುವ ಒಂದು ಶಾಲೆಯಿತ್ತು. ರತ್ನ ಎರಡು ದಿನ ಅದನ್ನೇ ನೋಡುತ್ತ ಕೂತಳು. ಆಮೇಲೆ ಕೇಳಿದಳು, 'ರೀ, ಅಲ್ಲಿ ತಳ ಎಷ್ಟು ಆಳು ಇರಬೋದು?' ನಾನು ಹೋಗಿ ಅವಳ ಹೆಸರು ಬರೆಸಿ ಬಂದೆ.

ಅಲ್ಲಿನ ಮೇಷ್ಟರು ಪಾಠ ಮಾಡುತ್ತಿದ್ದುದು ಇಂಗ್ಲಿಷಿನಲ್ಲಿ. ರತ್ನಳಿಗೆ ಕನ್ನಡದಲ್ಲಿ ಹೇಳುವ ಕೆಲಸ ನನ್ನದು. ಹೀಗೆ ನೀರಿಗೇ ಇಳಿಯದ ನಾನು ಮುಳುಗುವ ಶಾಸ್ತ್ರವನ್ನು ಪೂರ್ತಿ ಕಲಿತೆ. ಆಳಕ್ಕೆ ಹೋದಷ್ಟೂ ನಾವು ಉಸಿರಾಡಿದ ಗಾಳಿಯ ಒಂದು ಭಾಗ ರಕ್ತದಲ್ಲಿ ಕರಗಿ ಕೂತುಬಿಡುತ್ತದೆ. ಇಷ್ಟು ಆಳದಲ್ಲಿ ಇಷ್ಟೇ ನಿಮಿಷ ಎಂದು ಲೆಕ್ಕವಿದೆ. ಆ ಮಿತಿಯೊಳಗಿದ್ದರೆ ನಿಧಾನವಾಗಿ ಮೇಲೆ ಬರಬಹುದು. ಮಿತಿ ದಾಟಿದರೆ ದಾರಿಯಲ್ಲೇ ನಿಂತು, ಆ ಗಾಳಿ ಹೊರಗೆ ಹೋಗುವವರೆಗೆ ಕಾಯಬೇಕು. ಕಾಯದೆ ಬಂದರೆ ರಕ್ತದಲ್ಲಿ ಗುಳ್ಳೆ ಏಳುತ್ತದೆ. ಕೈಕಾಲು ಬಿದ್ದುಹೋಗಬಹುದು, ಜೀವವೂ ಹೋಗಬಹುದು. ಅದಕ್ಕೆ ಚಿಕಿತ್ಸೆ ಮಾಡುವ ಯಂತ್ರ ಸಮುದ್ರದಾಚೆ, ಹಡಗಿನಲ್ಲಿ ಒಂದು ದಿನದ ದಾರಿ. ಇದನ್ನೆಲ್ಲ ನಾನು ನನ್ನ ಬುದ್ಧಿಗೆ ತೋಚಿದಂತೆ ಹೇಳಿದೆ: 'ನಮ್ಮ ಹೊಸಕೋಟೆ ಗೋಲಿ ಸೋಡಾ ಕಣೇ. ಮೆಲ್ಲಗೆ ಒತ್ತಿದ್ರೆ ಸುಮ್ನಿರ್ತದೆ. ಒಂದೇ ಸಲ ಒತ್ತಿದ್ರೆ ಉಕ್ತದೆ.' ಅವಳು 'ಗೊತ್ತಾಯ್ತು ಬಿಡಿ' ಎಂದಳು.

ಆ ಲೆಕ್ಕವನ್ನು ನೀರಿನೊಳಗೆ ನೋಡಿಕೊಳ್ಳಲು ಮಣಿಕಟ್ಟಿಗೆ ಒಂದು ಪುಟ್ಟ ಕಂಪ್ಯೂಟರ್ ಕಟ್ಟುತ್ತಿದ್ದರು. ನಮ್ಮ ಫ್ಯಾಕ್ಟರಿಗೇ ಆಗಿನ್ನೂ ಒಂದೇ ಕಂಪ್ಯೂಟರ್ ಬಂದಿತ್ತು, ಅದನ್ನು ಚಪ್ಪಲಿ ಬಿಟ್ಟು ನೋಡಬೇಕಾಗಿತ್ತು. ಇವಳು ಅಂಥದ್ದನ್ನು ಬಳೆಯ ಪಕ್ಕ ಕಟ್ಟಿಕೊಂಡು ನೀರಿಗೆ ಹಾರುತ್ತಾಳೆ ಎಂದರೆ ನನ್ನ ಕಾಲು ನೆಲದ ಮೇಲೆ ಹೇಗೆ ನಿಂತೀತು?

ತಪ್ಪು ಅಲ್ಲೇ ಆಯಿತು. ಪಾಠ ಮುಗಿದ ಮಾರನೆಯ ದಿನ ದೋಣಿಯಲ್ಲಿ ನಾವಿಬ್ಬರು, ಮೇಷ್ಟರು, ದೋಣಿಯವನು ಮತ್ತು ಬೊಂಬಾಯಿಯ ಒಬ್ಬ ಸಾಹೇಬರು ಇದ್ದೆವು. ಬೆಳಗ್ಗೆ ಒಂದು ಸಲ ಮುಳುಗಿ ಬಂದು ವಿಶ್ರಾಂತಿ ತೆಗೆದುಕೊಳ್ಳುವಾಗ ಆ ಸಾಹೇಬರು ತಾವು ಯಾವ ಯಾವ ದೇಶದ ಸಮುದ್ರ ಕಂಡವರೆಂದು ಹೇಳತೊಡಗಿದರು. ನನಗೆ ತಡೆಯಲಾಗಲಿಲ್ಲ. ನನ್ನ ಹರುಕು ಹಿಂದಿಯಲ್ಲಿ, ನನ್ನ ಹೆಂಡತಿ ಎಂಥ ನೀರಿನ ತಳದಿಂದಲೂ ಮಣ್ಣು ತರುತ್ತಾಳೆ, ನೋಡುತ್ತಿರಿ ಎಂದುಬಿಟ್ಟೆ. ರತ್ನ ಕೇಳಿಸಿಕೊಂಡಳು.

ಎರಡನೆಯ ಸಲ ಇಳಿದಾಗ ಹತ್ತಾಳಿಗಿಂತ ಆಳಕ್ಕೆ ಹೋಗಬಾರದೆಂದು ಮೇಷ್ಟರು ಹೇಳಿದ್ದರು. ಬೆಳಗಿನ ಗಾಳಿ ಇನ್ನೂ ಮೈಯಲ್ಲಿ ಉಳಿದಿರುತ್ತದೆ, ಆದ್ದರಿಂದ ಮಿತಿಯೂ ಕಡಿಮೆ. ಮೂವರೂ ಇಳಿದ ಮುಕ್ಕಾಲು ಗಂಟೆಯ ಮೇಲೆ ಸಾಹೇಬರ ತಲೆಯೊಂದೇ ನೀರಿನ ಮೇಲೆ ಕಾಣಿಸಿತು. ದೋಣಿ ಹತ್ತಿ ಅವರು ಹೇಳಿದ್ದಿಷ್ಟು: ಹೊರಡುವ ಹೊತ್ತಿಗೆ ನಿಮ್ಮ ಹೆಂಡತಿ ತಲೆ ಕೆಳಗೆ ಮಾಡಿ ತಳದ ಮರಳಿಗೆ ಇಳಿದುಬಿಟ್ಟರು, ಹದಿನೆಂಟು ಆಳು ಇದ್ದೀತು. ಮೇಷ್ಟರು ಹಿಂದೆಯೇ ಹೋಗಿ ಕರೆತಂದರು. ಅಷ್ಟರಲ್ಲಿ ಕೈಯ ಕಂಪ್ಯೂಟರ್ ಕೂಗಿಕೊಂಡಿತು, ಮಿತಿ ದಾಟಿದೆ. ಮೇಲಿನಿಂದ ಎರಡಾಳು ಕೆಳಗೆ ಎಂಟು ನಿಮಿಷ ನಿಲ್ಲಬೇಕು. ಸಿಲಿಂಡರಿನಲ್ಲಿ ಗಾಳಿಯೂ ಹೆಚ್ಚಿಲ್ಲ.

ದೋಣಿಯವನು ಇನ್ನೊಂದು ಸಿಲಿಂಡರನ್ನು ಹಗ್ಗಕ್ಕೆ ಕಟ್ಟಿ ಕೆಳಗೆ ಬಿಟ್ಟ. ನಾನು ಬಗ್ಗಿ ನೋಡಿದೆ. ಅಲ್ಲಿಯ ನೀರು ಗಾಜು. ಲಂಗರಿನ ಹಗ್ಗವನ್ನು ಬಲಗೈಯಲ್ಲಿ ಹಿಡಿದು ಅವಳು ನಿಂತಿದ್ದಳು, ಪಕ್ಕದಲ್ಲಿ ಮೇಷ್ಟರು. ಶಾಸ್ತ್ರ ಪೂರ್ತಿ ಬಲ್ಲ ಪಂಡಿತ ನಾನು ಆಗ ಮಾಡಿದ್ದೇನು ಗೊತ್ತೇ? ಬಾವಿಯಲ್ಲಿ ಮುಳುಗಿದವರನ್ನು ಎಳೆಯುವ ಹಾಗೆ ಆ ಹಗ್ಗವನ್ನು ಎರಡೂ ಕೈಯಲ್ಲಿ ಎಳೆಯತೊಡಗಿದೆ. 'ಬಾರೇ ಮೇಲಕ್ಕೆ, ಬಾರೇ' ಎಂದು ಕೂಗಿದೆ. ನೀರಿನೊಳಗೆ ಅದು ಕೇಳುವುದಿಲ್ಲ ಎಂಬುದನ್ನೂ ಪಾಠದಲ್ಲಿ ಹೇಳಿದ್ದರು. ಅವಳ ಜೀವಕ್ಕೆ ಏನಾದರೂ ಆದರೆ ಅದು ನನ್ನ ಬಾಯಿಯಿಂದ ಆದದ್ದು ಎಂಬ ಒಂದೇ ಯೋಚನೆ ತಲೆಯಲ್ಲಿತ್ತು.

ಅವಳು ಮುಖವೆತ್ತಿ ನೋಡಿದಳು. ಆಮೇಲೆ ಎಡಗೈಯನ್ನು ಮೇಲಕ್ಕೆತ್ತಿ ಅಂಗೈ ತೋರಿಸಿದಳು. ಅಡುಗೆಯ ನಡುವೆ ನಾನು ಮೂರನೆಯ ಸಲ 'ಆಯ್ತಾ?' ಎಂದು ಕೇಳಿದಾಗ ತೋರಿಸುವ ಅಂಗೈ ಅದೇ. ತಾಳಿ ಎಂದರ್ಥ. ಕೈ ಬಿಚ್ಚಿದಾಗ ಏನೋ ಬೆಳ್ಳಗೆ ಉದುರಿ ನೀರಿನಲ್ಲಿ ಚದುರಿಹೋದದ್ದು ಕಂಡಿತು, ಅದೇನೆಂದು ಯೋಚಿಸುವ ಸ್ಥಿತಿಯಲ್ಲಿ ನಾನಿರಲಿಲ್ಲ. ದೋಣಿಯವನು ನನ್ನ ಕೈ ಹಿಡಿದು ಹಗ್ಗ ಬಿಡಿಸಿ ಕೂರಿಸಿದ. ಉಳಿದ ನಿಮಿಷಗಳನ್ನು ನಾನು ಅವನ ಹೆಗಲಿಗೆ ಒರಗಿಕೊಂಡೇ ಕಳೆದೆ.

ಕಂಪ್ಯೂಟರ್ ಅಪ್ಪಣೆ ಕೊಟ್ಟ ಮೇಲೆ, ಅದರ ಮೇಲೆ ಮೇಷ್ಟರು ಇನ್ನೆರಡು ನಿಮಿಷ ಸೇರಿಸಿದ ಮೇಲೆ, ಅವಳು ಮೆಲ್ಲಗೆ ಬಂದಳು. ಆ ದಿನವೆಲ್ಲ ಮೇಷ್ಟರು ಅವಳ ಕೈಕಾಲು ಗಮನಿಸುತ್ತಿದ್ದರು, ಏನೂ ಆಗಲಿಲ್ಲ. ತಳಕ್ಕೆ ಇಳಿದದ್ದಕ್ಕೆ ಚೆನ್ನಾಗಿ ಬೈದರು. ಕೊನೆಗೆ, ಹೊಸಬರು ಆ ಎಂಟು ನಿಮಿಷದಲ್ಲಿ ಗಾಬರಿಯಾಗಿ ಮೇಲಕ್ಕೆ ನುಗ್ಗುತ್ತಾರೆ, ಈಕೆಯ ಉಸಿರು ಕೂಡ ಏರಲಿಲ್ಲ ಎಂದರು. ಅದನ್ನು ಮಾತ್ರ ನಾನು ಎರಡು ಸಲ ಅನುವಾದ ಮಾಡಿದೆ.

ಸಂಜೆ ಕೇಳಿದೆ, 'ಅಷ್ಟು ಕಷ್ಟಪಟ್ಟು ತಂದ ಮಣ್ಣೆಲ್ಲೇ?'

'ಎಡಗೈಲಿ ಹಿಡ್ಕೊಂಡೇ ಇದ್ದೆ. ನೀವು ಮೇಲೆ ಕುಣೀತಿದ್ರಲ್ಲ, ನಿಮಗೆ ತಾಳಿ ಅನ್ನೋಕೆ ಕೈ ಬಿಚ್ಚಬೇಕಾಯ್ತು.'

ಊರಿಗೆ ಬಂದ ಮೇಲೆ ತ್ಯಾಮಗೊಂಡ್ಲಿಗೆ ಹೋದೆವು. ಬಾವಿಯ ಕಟ್ಟೆಯ ಮೇಲೆ ಕೂತು ಮಾವನವರು ಎಲ್ಲ ಕೇಳಿದರು. 'ಮಣ್ಣೆಲ್ಲಮ್ಮ?' ಎಂದರು.

'ಬಿಟ್ಬಿಟ್ಟೆ ಅಪ್ಪ.'

ಅವರ ಮುಖ ನೋಡಲಾಗದೆ ನಾನು ಇದ್ದದ್ದನ್ನು ಇದ್ದ ಹಾಗೆ ಒಪ್ಪಿಸಿದೆ, ಹಗ್ಗ ಎಳೆದದ್ದನ್ನೂ ಸೇರಿಸಿ. 'ತಳದಿಂದ ಮಣ್ಣು ಯಾರು ಬೇಕಾದ್ರೂ ತರ್ತಾರೆ, ಅಳಿಯಂದ್ರೇ. ಅದು ನಾನು ಹೇಳ್ಕೊಟ್ಟಿದ್ದು. ನಡುನೀರಲ್ಲಿ ನಿಂತ್ಕೊಳ್ಳೋದು ನಾನು ಹೇಳ್ಕೊಟ್ಟಿರಲಿಲ್ಲ' ಎಂದರು ಮಾವನವರು. ಆಮೇಲೆ ಮೊಣಕಾಲು ಹಿಡಿದುಕೊಂಡು ಮೆಟ್ಟಿಲಿಳಿದು, ನೀರಂಚಿನ ಒಂದು ಹಿಡಿ ಗೋಡು ತೆಗೆದು, ಉಂಡೆ ಮಾಡಿ ಕಟ್ಟೆಯ ಮೇಲಿಟ್ಟರು. ಮಗಳ ಪರವಾಗಿ ಅವರು ತಾವೇ ಮಣ್ಣು ತಂದದ್ದು ಅದೊಂದೇ ಸಲ. ರತ್ನ ಸಮುದ್ರದಲ್ಲಿ ಅಳದವಳು ಅಲ್ಲಿ ಅತ್ತಳು.

ಮೊನ್ನೆಯ ಸೋಡಾದ ಹತ್ತಿರ ಬರೋಣ. ಎರಡನೆಯ ಬಾಟಲಿಯನ್ನು ರತ್ನ ತಾನೇ ಕೈಗೆ ತೆಗೆದುಕೊಂಡು ಗೋಲಿಯನ್ನು ಕೂದಲೆಳೆಯಷ್ಟು ಒತ್ತಿ ಹಿಡಿದಳು. ಗಾಳಿ ಸಣ್ಣಗೆ ಸುಯ್ ಎನ್ನುತ್ತ ಹೋಗತೊಡಗಿತು. 'ಹಂಗೆ ಮಾಡಿದ್ರೆ ಗ್ಯಾಸೆಲ್ಲ ಹೋಗ್ಬಿಡ್ತದೆ ಅಕ್ಕಾ' ಎಂದ ಗಾಡಿಯವನು.

'ಹೋಗ್ಲಿ ಬಿಡಪ್ಪ. ಅದು ಹೋದ್ಮೇಲೇ ನಾವು ಕುಡಿಯೋದು.'

ಇವಳು ಯಾರು ಗೊತ್ತೇನಯ್ಯಾ ಎಂದು ಅವನಿಗೆ ಹೇಳಲು ನನ್ನ ಬಾಯಿ ತೆರೆದಿತ್ತು. ರತ್ನಳ ಇನ್ನೊಂದು ಕೈಯ ಅಂಗೈ ನನ್ನ ಕಡೆ ಎದ್ದಿತು. ಹಿಂದೊಮ್ಮೆ ಆ ಅಂಗೈಯನ್ನು ಕಂಡೂ ಹಗ್ಗ ಬಿಡದೆ ಇದ್ದವನು ನಾನು. ಈ ಸಲ ಕೈಕಟ್ಟಿ ನಿಂತೆ, ಒಂದು ತೊಟ್ಟೂ ಉಕ್ಕದೆ ಸೋಡಾ ಶಾಂತವಾಗುವವರೆಗೆ.