ಮೇಲಿನೂರಿನ ತೂಬು

ಹಲ್ಲಕ್ಕ ಎಂದು ಅವಳನ್ನು ಓಣಿಯವರೆಲ್ಲ ಕರೆಯುತ್ತಿದ್ದದ್ದು ಅವಳ ಕೆಲಸದಿಂದಾಗಿ. ಡಾಕ್ಟರುಗಳು ಕಳಿಸುವ ದವಡೆಯ ಅಚ್ಚಿನ ಮೇಲೆ ಮೇಣ ಹಚ್ಚಿ, ಹಲ್ಲು ಕೂರಿಸಿ, ಉಜ್ಜಿ ಹೊಳಪು ಕೊಡುವ ಲ್ಯಾಬಿನಲ್ಲಿ ಅವಳಿದ್ದಳು. ದಿನವಿಡೀ ಬಗ್ಗಿ ಕೂತು ಕತ್ತು ಹಿಡಿದುಕೊಂಡು ಮನೆಗೆ ಬಂದವಳಿಗೆ ಮೊದಲು ಬೇಕಾಗುತ್ತಿದ್ದದ್ದು ಚಹಾ ಅಲ್ಲ, ಕಂಪ್ಯೂಟರಿನೊಳಗಿದ್ದ ತನ್ನ ಊರು.

ಆ ಆಟವನ್ನು ಮನೆಗೆ ತಂದವನು ಅವಳ ತಮ್ಮ, ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಒಂದೇ ನದಿ, ಅದರ ದಂಡೆಯಲ್ಲಿ ಇಬ್ಬರೂ ಒಂದೊಂದು ಊರು ಕಟ್ಟಬೇಕು. ನೀರು ಮೊದಲು ಸಿಗುವ ಮೇಲಿನ ಜಾಗವನ್ನು ಅವನು ಕೇಳದೆಯೇ ತನ್ನದು ಮಾಡಿಕೊಂಡ. ಮನೆಯಲ್ಲಿ ಕಿಟಕಿಯಿದ್ದ ಕೋಣೆಯನ್ನೂ ಹಾಗೆಯೇ ತೆಗೆದುಕೊಂಡಿದ್ದ.

ಅಕ್ಕನ ಪಾಲಿಗೆ ಬಂದದ್ದು ಬರೀ ಕಲ್ಲುನೆಲ. ಮೊದಮೊದಲು ಅವಳ ಜನ ನದಿಯಿಂದ ಬಕೆಟ್ಟಿನಲ್ಲಿ ನೀರು ಹೊತ್ತರು. ಅವಳು ಕೆರೆ ತೋಡಿಸಿದಳು, ಕಾಲುವೆ ಎಳೆದಳು, ನೀರು ಇಂಗಿಹೋಗದಂತೆ ತಳಕ್ಕೆ ಜೇಡಿಮಣ್ಣು ಮೆತ್ತಿಸಿದಳು. ಗದ್ದೆ ಹಸಿರಾಯಿತು, ಗಿರಣಿ ತಿರುಗಿತು, ಮಕ್ಕಳು ಹುಟ್ಟಿದರು. ಕೆಲಸ ಮುಗಿಸಿ ಕೆರೆಯ ಏರಿಯ ಮೇಲೆ ಕೂರುವ ಮುದುಕ ಕುಂಬಾರನೊಬ್ಬನಿದ್ದ. ಅವನು ಕೂತಿದ್ದಾನೋ ಇಲ್ಲವೋ ಎಂದು ನೋಡದೆ ಅವಳಿಗೆ ಸಮಾಧಾನವಿರುತ್ತಿರಲಿಲ್ಲ.

ಒಂದು ಸಂಜೆ ನೋಡಿದರೆ ನದಿ ದಾರದಷ್ಟಾಗಿತ್ತು. ಬೇಸಿಗೆಯಿರಬೇಕು ಅಂದುಕೊಂಡು ಮೇಲಕ್ಕೆ ಹೋಗಿ ನೋಡಿದಳು. ನದಿಗೆ ಅಡ್ಡಲಾಗಿ ಅಣೆಕಟ್ಟು ಕಟ್ಟಿದ್ದ ತಮ್ಮ, ನೀರು ಬಿಡುವ ತೂಬನ್ನು ಪೂರ್ತಿ ಮುಚ್ಚಿದ್ದ. ಹಿಂದೆ ನಿಂತ ನೀರಿನಲ್ಲಿ ಬಣ್ಣಬಣ್ಣದ ದೋಣಿಗಳು ತೇಲುತ್ತಿದ್ದವು. ಅವಳಿಗೆ ಅಂಗಾಲಿನಿಂದ ನೆತ್ತಿವರೆಗೆ ಉರಿದುಹೋಯಿತು.

ಊಟಕ್ಕೆ ಕೂತಾಗ ಕೇಳಿದಳು. ಚೆಂದ ಕಾಣಲಿ ಅಂತ ನೀರು ನಿಲ್ಲಿಸಿದ್ದೇನೆ, ತುಂಬಿದ ಮೇಲೆ ಬಿಡುತ್ತೇನೆ ಅಂದ ಅವನು, ತಟ್ಟೆಯಿಂದ ತಲೆ ಎತ್ತದೆ.

"ನನ್ನ ಜನ ಅಲ್ಲಿವರೆಗೆ ಏನು ಕುಡೀಬೇಕು?"

"ಅಕ್ಕಾ, ಅದು ಆಟ."

"ಆಟ ಅಲ್ವಾ? ಹಾಗಾದ್ರೆ ತೂಬು ತೆಗಿ. ನಿಂಗೇನು ನಷ್ಟ?"

ಅವನು ನಕ್ಕ. ಬಡಿಸುತ್ತಿದ್ದ ಅಮ್ಮನಿಗೆ ತೂಬೂ ಗೊತ್ತಿಲ್ಲ, ನದಿಯೂ ಗೊತ್ತಿಲ್ಲ. ಆದರೂ ತೀರ್ಪು ಮಾತ್ರ ಬಾಯಲ್ಲೇ ಇತ್ತು: "ನೀನು ದೊಡ್ಡವಳು, ನೀನೇ ಅನುಸರಿಸಿಕೊಂಡು ಹೋಗೇ." ಈ ಮಾತು ಕೇಳಿ ಕೇಳಿಯೇ ಹಲ್ಲಕ್ಕನ ಅರ್ಧ ಆಯಸ್ಸು ಕಳೆದಿತ್ತು. ಅವತ್ತು ಮಾತ್ರ ತಟ್ಟೆಯನ್ನು ಅರ್ಧಕ್ಕೇ ಸರಿಸಿದಳು. ಎದ್ದು ಹೋದಳು.

ಗಿರಣಿ ನಿಲ್ಲಿಸಿ, ಅರ್ಧ ಗದ್ದೆ ಒಣಗಲು ಬಿಟ್ಟು, ಕೆರೆಯ ನೀರನ್ನು ಕುಡಿಯಲಿಕ್ಕೆಂದೇ ಅಳೆದು ಕೊಟ್ಟಳು. ಜನ ಉಳಿದರು. ಕುಂಬಾರ ಉಳಿಯಲಿಲ್ಲ. ಮಾರನೆಯ ದಿನ ಲ್ಯಾಬಿನಲ್ಲಿ ಯಾರದೋ ಹಲ್ಲಿನ ಸೆಟ್ಟನ್ನು ಉಜ್ಜುತ್ತಾ ಉಜ್ಜುತ್ತಾ ಸವೆಸಿಯೇಬಿಟ್ಟಳು.

ತೂಬು ಮುಚ್ಚಿರುವಾಗಲೇ ಆಟದೊಳಗೆ ಮಳೆಗಾಲ ಬಂತು. ಹೆಚ್ಚಾದ ನೀರು ಹರಿದುಹೋಗಲು ಕೋಡಿಯನ್ನೇ ತಮ್ಮ ಇಟ್ಟಿರಲಿಲ್ಲ. ಕೋಡಿ ಇದ್ದರೆ ಅಣೆಕಟ್ಟಿನ ಅಂದ ಕೆಡುತ್ತಿತ್ತಂತೆ. ನೀರು ಹಿಮ್ಮೆಟ್ಟಿ ಅವನ ಬೀದಿಗಳಿಗೇ ನುಗ್ಗಿತು. ದೋಣಿಗಳು ಮಾಳಿಗೆಗಳ ಮೇಲೆ ಹತ್ತಿ ಕೂತವು. ತಮ್ಮ ಬಂದು ಅಕ್ಕನ ಕೋಣೆಯ ಬಾಗಿಲಲ್ಲಿ ನಿಂತ.

"ನನ್ನ ಜನಾನ ನಿನ್ನೂರಿಗೆ ಸೇರಿಸ್ಕೊಳ್ತೀಯಾ?"

ನೀರಿಗೆ ಬಿಟ್ಟುಬಿಡಬೇಕು ಅನ್ನುವಷ್ಟು ಸಿಟ್ಟಿತ್ತು. ಆದರೆ ಗುಡ್ಡ ಹತ್ತಿ ನಿಂತಿದ್ದವರು ಮಕ್ಕಳನ್ನು ಎತ್ತಿಕೊಂಡಿದ್ದರು. ತೂಬು ಮುಚ್ಚಿದವರು ಅವರಲ್ಲ. ಸೇರಿಸಿಕೊಳ್ಳುತ್ತೇನೆ, ಆದರೆ ಇನ್ನು ಮೇಲೆ ಅಣೆಕಟ್ಟು ನನ್ನ ಕೈಯಲ್ಲಿರಬೇಕು ಅಂದಳು. ಅವನು ಒಪ್ಪಿದ. ಬೇರೆ ದಾರಿ ಎಲ್ಲಿತ್ತು?

ಆ ವಾರ ಸೋದರಮಾವ ಮನೆಗೆ ಬಂದಾಗ ಮಾತಿನ ನಡುವೆ ತಮ್ಮ ಹೇಳಿದ: ಅಕ್ಕನ ಊರು ಬೆಳೆದದ್ದೇ ತನ್ನಿಂದ, ಜನರನ್ನು ಕೊಟ್ಟವನು ತಾನು. ಹಲ್ಲಕ್ಕ ಕೈಯಲ್ಲಿದ್ದ ಲೋಟವನ್ನು ಮೇಜಿನ ಮೇಲಿಟ್ಟಳು.

"ಕೊಟ್ಟದ್ದಲ್ಲ ಮಾವ, ಮುಳುಗಿಸಿದ್ದು. ಅದಕ್ಕೂ ಮುಂಚೆ ನನ್ನ ಜನಾನ ಒಣಗಿಸಿದ್ದ."

ಶುರುವಿನಿಂದ ಕೊನೆವರೆಗೆ ಎಲ್ಲವನ್ನೂ ಹೇಳಿದಳು, ಕುಂಬಾರನನ್ನೂ ಬಿಡಲಿಲ್ಲ. ಅಮ್ಮ ನಡುವೆ ಬಾಯಿ ಹಾಕಲು ನೋಡಿದರೆ, ಮಾವ ಕೈಯೆತ್ತಿ ಸುಮ್ಮನಿರಿಸಿದರು. ಚಾರ್ಜರ್ ಹುಡುಕುವ ನೆಪದಲ್ಲಿ ತಮ್ಮ ಎದ್ದು ಹೋದ.

ಅವಳು ತನ್ನ ಕೋಣೆಗೆ ಹೋಗಿ, ಯಾರನ್ನೂ ಕೇಳದೆ, ಅಣೆಕಟ್ಟಿನ ಅಂದವಾದ ಗೋಡೆಯನ್ನು ಒಂದು ಪಕ್ಕದಲ್ಲಿ ಒಡೆಸಿ, ಅಗಲವಾದ ಕೋಡಿ ಮಾಡಿಸಲು ಕೂತಳು.